ಕೈಗೆ ಒಗ್ಗಿದ ಹತಾರ, ಜಾತ್ರೆಯ ಹತಾರ

(ಪ್ರೋಗ್ರಾಮಿಂಗ್ ಕೆಲಸ ಮಾಡುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ಮಾತಿನಲ್ಲಿ ಮೂರು ಸಲ ಹೇಳಿದ್ದನ್ನು ಇಲ್ಲಿ ಒಂದು ಸಲ ಮಾತ್ರ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಏಳು ತಿಂಗಳು ಹಾಳು ಮಾಡಿದ ಕಥೆಯಿಂದಲೇ ಶುರು ಮಾಡುತ್ತೇನೆ. ನನ್ನ ತಪ್ಪು ನಾನೇ ಹೇಳಿಕೊಂಡರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ನೋಡಿ.

ಆಗ ನಾನಿದ್ದ ಕಡೆ ಒಂದು ಸಣ್ಣ ಪ್ರೋಗ್ರಾಂ ಇತ್ತು. ರಾತ್ರಿ ಹೊತ್ತು ಕೆಲವು ಫೈಲ್ ಓದುವುದು, ಲೆಕ್ಕ ಹಾಕುವುದು, ಬೆಳಗ್ಗೆ ಎಲ್ಲರಿಗೂ ಒಂದು ವರದಿ ಕಳಿಸುವುದು. ಇಷ್ಟೇ ಅದರ ಕೆಲಸ. ಪರ್ಲ್ ಭಾಷೆಯಲ್ಲಿ ಬರೆದದ್ದು. ಹೆಚ್ಚೆಂದರೆ 900 ಸಾಲು. ಬರೆದವರು ಯಾವಾಗಲೋ ಕೆಲಸ ಬಿಟ್ಟು ಹೋಗಿದ್ದರು. ಅದರ ಪಾಡಿಗೆ ಅದು ಓಡುತ್ತಿತ್ತು. ವರ್ಷಕ್ಕೆ ಒಂದೋ ಎರಡೋ ಸಲ ಯಾರಾದರೂ ತೆರೆದು ನೋಡಬೇಕಾಗುತ್ತಿತ್ತು, ಅಷ್ಟೇ.

ನನಗೆ ಅದನ್ನು ಕಂಡರೆ ನಾಚಿಕೆ. ಅದರಲ್ಲಿ ಏನೂ ತೊಂದರೆ ಇರಲಿಲ್ಲ. ಸುಮ್ನೆ ನಾಚಿಕೆ. ಹೊರಗಡೆ ಎಲ್ಲರ ಬಾಯಲ್ಲೂ ಮೈಕ್ರೋಸರ್ವೀಸ್ (ಒಂದು ಪ್ರೋಗ್ರಾಂ ಅನ್ನು ಹಲವು ಸಣ್ಣ ಪ್ರೋಗ್ರಾಂಗಳಾಗಿ ಒಡೆಯುವುದು), ಕಂಟೇನರ್ (ಪ್ರೋಗ್ರಾಂ ಅನ್ನು ಅದಕ್ಕೆ ಬೇಕಾದದ್ದರ ಜೊತೆ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿಡುವುದು). ನಮ್ಮಲ್ಲಿ ನೋಡಿದರೆ ಪರ್ಲ್! "ನಿಮ್ಮ ಕಡೆ ಏನು ಬಳಸುತ್ತೀರಿ?" ಅಂತ ಯಾರಾದರೂ ಕೇಳಿದರೆ ಮಾತು ಮರೆಸುತ್ತಿದ್ದೆ.

ಹಾಗಾಗಿ ಅದನ್ನು ಒಡೆದೆ. ಒಂದಿದ್ದದ್ದನ್ನು ಐದು ಮಾಡಿದೆ. ಫೈಲ್ ಓದಲು ಒಂದು ಸರ್ವೀಸ್, ಲೆಕ್ಕಕ್ಕೆ ಇನ್ನೊಂದು, ವರದಿ ಕಟ್ಟಲು ಮತ್ತೊಂದು, ಕಳಿಸಲು ಬೇರೆಯದು, ಇವೆಲ್ಲ ಬದುಕಿವೆಯೋ ಇಲ್ಲವೋ ನೋಡಿಕೊಳ್ಳಲು ಐದನೆಯದು. ನಡುವೆ ಸಂದೇಶ ಸಾಗಿಸಲು ಒಂದು ಕ್ಯೂ. ಮೂರು ತಿಂಗಳು ಅಂದುಕೊಂಡಿದ್ದೆ, ಏಳಾಯಿತು. ಮುಗಿದ ದಿನ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಡಬ್ಬಿ, ಬಾಣ, ಡಬ್ಬಿ, ಬಾಣ. ಎಲ್ಲರೂ ಚಪ್ಪಾಳೆ ತಟ್ಟಿದರು.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ವರದಿಯ ಒಟ್ಟು ಮೊತ್ತ ತಪ್ಪಿತ್ತು. ಅದೂ ಒಂದೇ ಒಂದು ಸಾಲಿನಲ್ಲಿ. ಮಾರನೆಯ ದಿನ ಸರಿ, ಅದರ ಮಾರನೆಯ ದಿನ ಮತ್ತೆ ತಪ್ಪು. ರಾತ್ರಿ ಕೂತು ಐದೂ ಲಾಗ್‌ಗಳನ್ನು, ಅಂದರೆ ಯಾವ ಹೊತ್ತಿಗೆ ಏನು ಮಾಡಿದೆ ಅಂತ ಪ್ರೋಗ್ರಾಂ ಬರೆದಿಡುವ ದಾಖಲೆಗಳನ್ನು, ಅಕ್ಕಪಕ್ಕ ತೆರೆದುಕೊಂಡೆ. ಎರಡು ಸರ್ವೀಸ್‌ಗಳು ಯುಟಿಸಿ ಸಮಯ (ಜಗತ್ತಿಗೆಲ್ಲ ಒಂದೇ ಆದ ಗಡಿಯಾರ) ಬರೆಯುತ್ತಿದ್ದವು, ಮೂರು ಸ್ಥಳೀಯ ಸಮಯ. ಯಾವುದರ ಹಿಂದೆ ಯಾವುದು ನಡೆಯಿತು ಅಂತ ಹೊಂದಿಸಲು ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆದುಕೊಳ್ಳಬೇಕಾಯಿತು. ಕೊನೆಗೆ ಸಿಕ್ಕಿತು. ಲೆಕ್ಕ ಹಾಕುವ ಸರ್ವೀಸ್ ಒಂದು ಸಂದೇಶ ತೆಗೆದುಕೊಂಡು, ಮೊತ್ತಕ್ಕೆ ಸೇರಿಸಿ, "ಮುಗಿಯಿತು" ಅಂತ ಕ್ಯೂಗೆ ಹೇಳುವ ಮೊದಲೇ ಬಿದ್ದು ಎದ್ದಿತ್ತು. ಕ್ಯೂಗೆ ಪಾಪ ಏನು ಗೊತ್ತು? ಸಂದೇಶ ತಲುಪಿಲ್ಲ ಅಂದುಕೊಂಡು ಮತ್ತೆ ಕಳಿಸಿತು. ಮೊತ್ತ ಎರಡು ಸಲ ಸೇರಿತು.

ಕ್ಯೂ ಬಳಸಿದವರಿಗೆಲ್ಲ ಇದು ಗೊತ್ತು. ಒಂದೇ ಸಂದೇಶ ಎರಡು ಸಲ ಬರಬಹುದು, ಬಂದರೂ ಲೆಕ್ಕ ಕೆಡದ ಹಾಗೆ ಬರೆದುಕೊಳ್ಳಬೇಕು. ಬರೆದುಕೊಳ್ಳದೇ ಇದ್ದದ್ದು ನನ್ನ ತಪ್ಪು. ಆದರೆ ಆ ರಾತ್ರಿ ನನ್ನನ್ನು ಕಾಡಿದ್ದು ಬೇರೆಯೇ ಮಾತು. ಹಳೆಯ 900 ಸಾಲಿನಲ್ಲಿ ಈ ತೊಂದರೆ ಹುಟ್ಟುವುದಕ್ಕೇ ಜಾಗವಿರಲಿಲ್ಲ. ಅಲ್ಲಿ ಕ್ಯೂ ಇರಲಿಲ್ಲ. ಲಾಗ್ ಒಂದೇ ಇತ್ತು. ಸಮಯವೂ ಒಂದೇ. ಇಲ್ಲದ ಕಾಯಿಲೆಗೆ ಮದ್ದು ತಂದು, ಆ ಮದ್ದಿನಿಂದ ಬಂದ ಕಾಯಿಲೆಗೆ ಈಗ ನಿದ್ದೆಗೆಡುತ್ತಿದ್ದೆ.

ಆ ಮದ್ದು ಕೆಟ್ಟದ್ದಾ? ಖಂಡಿತ ಅಲ್ಲ. ಸಂದೇಶ ಸಾಗಿಸುವ ಕಾಫ್ಕಾ ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಹೊರಗೆ ಬಂತು. ವೆಬ್ ಪುಟ ಕಟ್ಟುವ ರಿಯಾಕ್ಟ್ ಅನ್ನು ಫೇಸ್‌ಬುಕ್ 2013ರಲ್ಲಿ ಕೊಟ್ಟಿತು. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟೀಸ್ ಅನ್ನು ಗೂಗಲ್ 2014ರಲ್ಲಿ. ಅವರವರಿಗೆ ನಿಜವಾದ ತೊಂದರೆ ಇತ್ತು, ಅದಕ್ಕೆ ಅವರವರು ಮದ್ದು ಅರೆದುಕೊಂಡರು. ಚೆನ್ನಾಗಿಯೇ ಅರೆದರು. ಆಮೇಲೆ ನಾವೆಲ್ಲ ಸಾಲಾಗಿ ನಿಂತು ಕುಡಿದೆವು. ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡಿಕೊಂಡವರು ಎಷ್ಟು ಜನ? ಜಾತ್ರೆ ಮರುಳೋ ಜನ ಮರುಳೋ ಅಂತಾರಲ್ಲ, ಹಾಗೆ.

"ಇದು ಈಗ ತುಂಬ ಜನಪ್ರಿಯ" ಅಂದಾಗ ನಮಗೆ ನಿಜವಾಗಿ ಗೊತ್ತಾಗುವುದು ಏನು? ಈಗ ಎಷ್ಟು ಜನ ಇದನ್ನು ಶುರು ಮಾಡುತ್ತಿದ್ದಾರೆ ಅನ್ನುವುದು. ಅಷ್ಟೇ. ಶುರು ಮಾಡುವವರು ಮಾತಾಡುತ್ತಾರೆ. ಮೂರು ವರ್ಷ ಅದೇ ಟೂಲ್ ಜೊತೆ ಸಂಸಾರ ಮಾಡಿದವರು ಮಾತಾಡುವುದು ಕಡಿಮೆ. ಅವರಿಗೆ ಕೆಲಸ ಇರುತ್ತದೆ. ನನಗೆ ಬೇಕಾದ ಸುದ್ದಿ ಇರುವುದು ಅವರ ಹತ್ತಿರ. ಯಾವುದಾದರೂ ಟೂಲ್ ಬಗ್ಗೆ ಕೇಳುವಾಗ ಈಗ ನಾನು "ಹೇಗಿದೆ?" ಅಂತ ಕೇಳುವುದೇ ಇಲ್ಲ. "ಕಳೆದ ಸಲ ಯಾವಾಗ ಕೆಟ್ಟಿತು? ಹೇಗೆ ಗೊತ್ತಾಯಿತು?" ಅಂತ ಕೇಳುತ್ತೇನೆ. ಉತ್ತರ ಕೊಡುವಾಗ ಅವರ ಮುಖ ನೋಡಿದರೆ ಅರ್ಧ ತೀರ್ಮಾನ ಆದಂತೆ.

ಎಸ್‌ಕ್ಯುಲೈಟ್ ಅನ್ನುವ ಡೇಟಾಬೇಸ್‌ನ (ಮಾಹಿತಿ ಜೋಡಿಸಿಡುವ ಪ್ರೋಗ್ರಾಂ) ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ರಿಚರ್ಡ್ ಹಿಪ್ ಅನ್ನುವವರು 2000ದಲ್ಲಿ ಶುರು ಮಾಡಿದ್ದು. ಅದಕ್ಕೆ ಮುಂಚೆ ಅವರು ಅಮೆರಿಕದ ಯುದ್ಧನೌಕೆಯೊಂದಕ್ಕೆ ಬೇಕಾದ ಪ್ರೋಗ್ರಾಂ ಮೇಲೆ ಕೆಲಸ ಮಾಡುತ್ತಿದ್ದರು. ಅದರ ಹಿಂದೆ ಒಂದು ದೊಡ್ಡ ಡೇಟಾಬೇಸ್ ಸರ್ವರ್ ಇತ್ತು. ಸರ್ವರ್ ನಿಂತರೆ ಪ್ರೋಗ್ರಾಂ ಕೂಡ ನಿಲ್ಲುತ್ತಿತ್ತು. ತಪ್ಪು ಸರ್ವರ್‌ನದು, ಆದರೆ ಪರದೆಯ ಮೇಲೆ "ಸಂಪರ್ಕ ಸಿಗುತ್ತಿಲ್ಲ" ಅಂತ ತೋರಿಸಿ ಬೈಸಿಕೊಳ್ಳುವುದು ಇವರ ಪ್ರೋಗ್ರಾಂ. ಆಗ ಅವರಿಗೆ ಬಂದ ಯೋಚನೆ ತೀರ ಸರಳ. ನಡುವೆ ಸರ್ವರ್ ಯಾಕೆ ಬೇಕು? ಡಿಸ್ಕ್ ಮೇಲಿನ ಫೈಲ್ ಅನ್ನು ನೇರವಾಗಿ ಓದಿದರೆ ಆಗುವುದಿಲ್ಲವಾ?

ಡೇಟಾಬೇಸ್ ಅಂದರೆ ಸರ್ವರ್ ಅಂತಲೇ ಎಲ್ಲರೂ ಅಂದುಕೊಂಡಿದ್ದ ಕಾಲ ಅದು. ಸರ್ವರ್ ಇಲ್ಲದ ಡೇಟಾಬೇಸ್ ಆಟದ ಸಾಮಾನಿನ ಹಾಗೆ ಕಾಣುತ್ತಿತ್ತು. ಇವತ್ತು ನಿಮ್ಮ ಜೇಬಿನಲ್ಲಿರುವ ಸ್ಮಾರ್ಟ್‌ಫೋನ್ ಯಾವುದೇ ಇರಲಿ, ಅದರೊಳಗೆ ಎಸ್‌ಕ್ಯುಲೈಟ್ ಇದೆ. ಬ್ರೌಸರ್ ಒಳಗೂ ಇದೆ. 2050ರವರೆಗೆ ನೋಡಿಕೊಳ್ಳುತ್ತೇವೆ ಅಂತ ಅದರ ತಂಡ ಬಹಿರಂಗವಾಗಿ ಹೇಳಿಕೊಂಡಿದೆ. ಆ ತಂಡ ಅಂದರೆ ಬೆರಳೆಣಿಕೆಯ ಜನ.

ನನಗೆ ಇದಕ್ಕಿಂತ ಇಷ್ಟವಾದದ್ದು ಅವರ ಮನೆಯೊಳಗಿನ ವಿಚಾರ. ಕೋಡ್‌ನಲ್ಲಾದ ಬದಲಾವಣೆಗಳನ್ನು ದಾಖಲಿಸಿಡಲು ಜಗತ್ತೆಲ್ಲ ಗಿಟ್ ಬಳಸುತ್ತದೆ. ಎಸ್‌ಕ್ಯುಲೈಟ್ ತಂಡ ಬಳಸುವುದಿಲ್ಲ. ಫಾಸಿಲ್ ಅಂತ ತಾವೇ ಬರೆದುಕೊಂಡ ವ್ಯವಸ್ಥೆಯಲ್ಲಿ 2009ರಿಂದ ತಮ್ಮ ಕೋಡ್ ಇಟ್ಟುಕೊಂಡಿದ್ದಾರೆ. ಆ ಫಾಸಿಲ್ ತನ್ನ ಮಾಹಿತಿ ಇಡುವುದು ಎಲ್ಲಿ? ಎಸ್‌ಕ್ಯುಲೈಟ್ ಒಳಗೆ! ತನ್ನ ಬಾಲ ತಾನೇ ಕಚ್ಚಿಕೊಂಡ ಹಾವಿನ ಹಾಗೆ. ಕೋಡ್, ದೋಷಗಳ ಪಟ್ಟಿ, ಟಿಪ್ಪಣಿ ಎಲ್ಲ ಒಂದೇ ಫೈಲಿನಲ್ಲಿ ಸಿಗಬೇಕು ಅನ್ನುವುದು ಅವರ ಅಗತ್ಯವಾಗಿತ್ತು. ಗಿಟ್ ಹುಟ್ಟಿದ್ದು ಲಿನಕ್ಸ್ ಕರ್ನಲ್‌ನಂಥ, ಸಾವಿರಾರು ಜನ ಕೈ ಹಾಕುವ ಕೆಲಸಕ್ಕೆ. ನಾಲ್ಕಾರು ಜನ ಕೂತು ಮಾಡುವ ಕೆಲಸದ ಅಳತೆಯೇ ಬೇರೆ.

ನಾನು ಗಿಟ್ಟೇ ಬಳಸುತ್ತೇನೆ. ಬಿಡುವ ಯೋಚನೆಯೂ ಇಲ್ಲ. ಅವರು ತಮ್ಮ ಅಳತೆ ತಾವೇ ತೆಗೆದುಕೊಂಡರಲ್ಲ, ಅದನ್ನು ನೋಡಿ ಅಂತ ಹೇಳಿದೆ.

ಎರ್ಲಾಂಗ್ ಭಾಷೆಯದು ಇನ್ನೂ ಸ್ವಾರಸ್ಯದ ಕಥೆ. 1986ರ ಸುಮಾರಿಗೆ ಎರಿಕ್ಸನ್ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಶುರು ಮಾಡಿದರು. ರಾಬರ್ಟ್ ವಿರ್ಡಿಂಗ್, ಮೈಕ್ ವಿಲಿಯಮ್ಸ್ ಸೇರಿಕೊಂಡರು. ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆ ಅಂತ ಮಾಡಿದ ಭಾಷೆ ಅದು. ಒಂದು ಕರೆ ಕೆಟ್ಟರೆ ಆ ಕರೆ ಮಾತ್ರ ಬೀಳಬೇಕು, ಪಕ್ಕದ ಕರೆಗೆ ಗೊತ್ತೂ ಆಗಬಾರದು. ಯಂತ್ರ ನಿಲ್ಲಿಸದೆ ಕೋಡ್ ಬದಲಾಯಿಸಲು ಆಗಬೇಕು. ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆದರೂ 1998ರಲ್ಲಿ ಅದೇ ಎರಿಕ್ಸನ್‌ನ ಒಂದು ವಿಭಾಗ ಹೊಸ ಉತ್ಪನ್ನಗಳಲ್ಲಿ ಎರ್ಲಾಂಗ್ ಬಳಸಬಾರದು ಅಂತ ತೀರ್ಮಾನ ಮಾಡಿತು. ಎಲ್ಲರೂ ಬಳಸುವ ಭಾಷೆಯನ್ನೇ ಬಳಸೋಣ ಅನ್ನುವುದು ವಾದ. ಒಳಗೆ ಬಾಗಿಲು ಹಾಕಿದ ಮೇಲೆ, ಅದೇ ವರ್ಷದ ಕೊನೆಗೆ, ಭಾಷೆಯನ್ನು ಯಾರು ಬೇಕಾದರೂ ಬಳಸಬಹುದಾದ ಓಪನ್ ಸೋರ್ಸ್ ಆಗಿ ಹೊರಗೆ ಬಿಟ್ಟರು.

ಮುಂದೆ ವಾಟ್ಸಾಪ್ ಕಟ್ಟಿದವರು ಈ ಭಾಷೆಯನ್ನೇ ಹಿಡಿದರು. ಯೋಚಿಸಿ ನೋಡಿ, ಸಂದೇಶ ಸಾಗಿಸುವುದೂ ಒಂಥರಾ ಎಕ್ಸ್‌ಚೇಂಜ್ ಕೆಲಸವೇ ಅಲ್ವಾ? ಲಕ್ಷಾಂತರ ಜನ ಏಕಕಾಲಕ್ಕೆ ತಂತಿಯ ಆ ಕಡೆ ಇರುತ್ತಾರೆ, ಹೆಚ್ಚು ಹೊತ್ತು ಸುಮ್ಮನೆ ಇರುತ್ತಾರೆ, ಒಬ್ಬರದು ಕಡಿದರೆ ಇನ್ನೊಬ್ಬರಿಗೆ ತಟ್ಟಬಾರದು. 2012ರ ಹೊತ್ತಿಗೆ ಒಂದೇ ಯಂತ್ರದಲ್ಲಿ 20 ಲಕ್ಷ ಸಂಪರ್ಕ ಹಿಡಿದಿಟ್ಟು ತೋರಿಸಿದ್ದರು. 2014ರಲ್ಲಿ ಫೇಸ್‌ಬುಕ್ ಅವರನ್ನು ಕೊಂಡಾಗ ಬಳಸುವವರು ಸುಮಾರು 45 ಕೋಟಿ, ಎಂಜಿನಿಯರ್‌ಗಳು 32.

ಇಲ್ಲಿಗೆ ಮಾತು ನಿಲ್ಲಿಸಿದರೆ ನಿಮಗೆ ಮೋಸ ಮಾಡಿದ ಹಾಗೆ. ಯಾರೂ ಬಳಸದ ಭಾಷೆ ಹಿಡಿದು ಮುಳುಗಿದವರ ಕಥೆಯನ್ನು ಯಾರೂ ವೇದಿಕೆ ಮೇಲೆ ಹೇಳುವುದಿಲ್ಲ. ಗೆದ್ದವರದು ಮಾತ್ರ ನಮಗೆ ಕೇಳಿಸುತ್ತದೆ. ನೀವು ಎರ್ಲಾಂಗ್ ಹಿಡಿದ ಮಾತ್ರಕ್ಕೆ ವಾಟ್ಸಾಪ್ ಆಗುವುದಿಲ್ಲ. ನಾನು ಈ ಕಥೆ ಹೇಳುವುದು ಬೇರೆ ಕಾರಣಕ್ಕೆ. ಬೇಡ ಅಂದವರು ನೋಡಿದ್ದು ಹೊರಗಿನ ಸಂತೆಯನ್ನು. ಹಿಡಿದವರು ನೋಡಿದ್ದು ಕೆಲಸದ ಆಕಾರವನ್ನು. ಇಬ್ಬರ ಮುಂದೆಯೂ ಇದ್ದದ್ದು ಒಂದೇ ಭಾಷೆ.

ಇನ್ನೊಂದು ಸಂಗತಿ. ಜನ ಜಾಸ್ತಿ ಆದಷ್ಟೂ ಟೂಲ್ ಗಟ್ಟಿಯಾಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಗಟ್ಟಿ ಆಗುತ್ತದೆ ನಿಜ, ಜೊತೆಗೆ ಅದರ ಸೊಟ್ಟವೂ ಗಟ್ಟಿಯಾಗುತ್ತದೆ. ಕೋಡ್ ಅನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟಿಕೊಡುವ 'ಮೇಕ್' ಬಳಸಿದವರು ಕೈ ಎತ್ತಿ... ಹಾಂ, ತುಂಬ ಜನ ಇದ್ದೀರಿ. ಅದಕ್ಕೆ ಸೂಚನೆ ಬರೆದಿಡುವ ಮೇಕ್‌ಫೈಲ್‌ನಲ್ಲಿ ಸಾಲಿನ ಮೊದಲು ಟ್ಯಾಬ್ ಬದಲು ಸ್ಪೇಸ್ ಹಾಕಿ ತಲೆ ಚಚ್ಚಿಕೊಂಡಿದ್ದೀರಿ ತಾನೇ? ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಅದನ್ನು ಬರೆದಾಗ ಟ್ಯಾಬ್ ಇಟ್ಟದ್ದು ಅವತ್ತಿನ ಒಂದು ಸುಲಭಕ್ಕೆ. ಕೆಲವೇ ವಾರದಲ್ಲಿ ಸುಮಾರು ಒಂದು ಡಜನ್ ಜನ ಬಳಸಲು ಶುರು ಮಾಡಿದ್ದರು, ಹೆಚ್ಚಿನವರು ಗೆಳೆಯರೇ. ಅವರಿಗೆ ತೊಂದರೆ ಕೊಡುವುದು ಬೇಡ ಅಂತ ಬದಲಾಯಿಸಲಿಲ್ಲ. ಒಂದು ಡಜನ್ ಜನರ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು, ಐವತ್ತು ವರ್ಷದಿಂದ ಇಡೀ ಜಗತ್ತು ಟ್ಯಾಬ್ ಒತ್ತುತ್ತಿದೆ. ನನಗೆ ಇದು ನೆನಪಾದಾಗಲೆಲ್ಲ ನಗು ಬರುತ್ತದೆ, ಆಮೇಲೆ ಸ್ವಲ್ಪ ಹೆದರಿಕೆಯೂ ಆಗುತ್ತದೆ.

ಜನಪ್ರಿಯತೆ ಬೆಲೆಯಿಲ್ಲದ್ದು ಅಂತ ಹೇಳುವಷ್ಟು ಹುಂಬ ನಾನಲ್ಲ. ಅದರಿಂದ ಸಿಗುವುದು ತುಂಬ ಇದೆ. ರಾತ್ರಿ ಒಂದು ದೋಷ ಸಿಕ್ಕರೆ ಅದೇ ದೋಷ ಬೇರೆ ಯಾರಿಗೋ ಸಿಕ್ಕಿ ಪರಿಹಾರವೂ ಆಗಿರುತ್ತದೆ. ಹೊಸಬರು ಬಂದರೆ ಅವರಿಗೆ ಮೊದಲೇ ಗೊತ್ತಿರುತ್ತದೆ. ಆ ಪರ್ಲ್ ಪ್ರೋಗ್ರಾಂ ವಿಷಯದಲ್ಲಿ ನನ್ನ ನಾಚಿಕೆ ದಡ್ಡತನ ಇರಬಹುದು, ಆದರೆ ಅದನ್ನು ಓದಬಲ್ಲವರು ನಮ್ಮಲ್ಲಿ ಇಬ್ಬರೇ ಉಳಿದಿದ್ದರು ಅನ್ನುವುದು ನಿಜವಾದ ತೊಂದರೆ. ಅದನ್ನು ನಾನು ಆಗ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ತಮಾಷೆ ನೋಡಿ, ಬದಲಾಯಿಸಲು ಒಂದು ಒಳ್ಳೆಯ ಕಾರಣ ಕಣ್ಣ ಮುಂದೆ ಇತ್ತು. ನಾನು ಬದಲಾಯಿಸಿದ್ದು ಕೆಟ್ಟ ಕಾರಣಕ್ಕೆ. ಹಾಗಾಗಿ ಬದಲಾಯಿಸಿದ ರೀತಿಯೂ ಕೆಟ್ಟಿತು.

ಇನ್ನು ಕೆಲವರು ಇರುತ್ತಾರೆ. ಎಲ್ಲರೂ ಬಲಕ್ಕೆ ಹೋದರೆ ಇವರು ಎಡಕ್ಕೆ. ಯಾರಿಗೂ ಗೊತ್ತಿಲ್ಲದ ಭಾಷೆ, ಕೋಡ್ ಬರೆಯಲು ಯಾರೂ ಕೇಳದ ಎಡಿಟರ್, ಅದರ ಮೇಲೊಂದು ಜಂಬ. ಒಂದು ಕಾಲದಲ್ಲಿ ನಾನೂ ಹಾಗಿದ್ದೆ. ಅವರೂ ಸಂತೆಯನ್ನೇ ನೋಡಿ ನಡೆಯುವವರು, ಬೆನ್ನು ಹಾಕಿ ನಡೆಯುತ್ತಾರೆ ಅಷ್ಟೇ. ಅವರು ಹಿಡಿದ ಟೂಲ್ ನಾಳೆ ಜನಪ್ರಿಯವಾದರೆ ಬಿಟ್ಟು ಬೇರೆಯದಕ್ಕೆ ಓಡುತ್ತಾರೆ.

ಹಾಗಾದರೆ ಏನು ನೋಡಬೇಕು? ನನಗೆ ಸೂತ್ರಗಳು ಇಷ್ಟ ಇಲ್ಲ. ನಾನು ನೋಡುವುದನ್ನು ಹೇಳುತ್ತೇನೆ.

ಮೊದಲು, ಕೈ. ಕೈ ಪಳಗುವುದು ಅಂತೀವಲ್ಲ, ಅದು. ನಾನು ಬಳಸುವ ಎಡಿಟರ್ ವಿಮ್. ಅದರ ಮೂಲ ವಿಐ, 1976ರಲ್ಲಿ ಬಿಲ್ ಜಾಯ್ ಬರೆದದ್ದು. ಅದರಲ್ಲಿ ಕೆಳಗೆ ಮೇಲೆ ಹೋಗಲು ಜೆ, ಕೆ ಕೀಲಿ ಒತ್ತಬೇಕು. ಯಾಕೆ? ಅವರ ಮುಂದಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತು ಇದ್ದದ್ದು ಆ ಅಕ್ಷರಗಳ ಮೇಲೆಯೇ. ಆ ಟರ್ಮಿನಲ್ ಈಗ ವಸ್ತುಸಂಗ್ರಹಾಲಯದಲ್ಲಿದೆ. ನನ್ನ ಬೆರಳು ಇನ್ನೂ ಅಲ್ಲೇ ಇದೆ. ಹೊಸ ಎಡಿಟರ್‌ಗಳು ಇದಕ್ಕಿಂತ ಎಷ್ಟೋ ವಿಷಯದಲ್ಲಿ ಮುಂದಿವೆ, ಒಪ್ಪುತ್ತೇನೆ. ನಾಲ್ಕು ಸಲ ಪ್ರಯತ್ನವನ್ನೂ ಮಾಡಿದೆ. ಪ್ರತಿ ಸಲವೂ ಒಂದು ವಾರ ಎಡಿಟರ್ ಬಗ್ಗೆಯೇ ಯೋಚನೆ. ಮೆನು ಎಲ್ಲಿ, ಬಣ್ಣ ಹೇಗೆ, ಈ ಕಿಟಕಿ ಯಾಕೆ ತೆರೆಯಿತು. ಹಳೆಯದಕ್ಕೆ ಬಂದ ದಿನ ಎಡಿಟರ್ ಮರೆತು ಹೋಗುತ್ತದೆ, ಕೆಲಸ ಕಣ್ಣಿಗೆ ಕಾಣುತ್ತದೆ. ನನಗೆ ಅಷ್ಟು ಸಾಕು. ನಿಮ್ಮ ಕೈ ಬೇರೆ ಎಡಿಟರ್‌ಗೆ ಪಳಗಿದ್ದರೆ ನನ್ನ ಮಾತು ಕೇಳಿ ವಿಮ್‌ಗೆ ಬರಬೇಡಿ, ದಯವಿಟ್ಟು.

ಆಮೇಲೆ ನಾನು ನೋಡುವುದು, ಈ ಟೂಲ್ ಸತ್ತರೆ ನನ್ನ ಕೆಲಸ ಏನಾಗುತ್ತದೆ ಅಂತ. ಫ್ಲ್ಯಾಶ್ ನೆನಪಿದೆಯಾ? ಒಂದು ಕಾಲದಲ್ಲಿ ಅದಿಲ್ಲದ ಬ್ರೌಸರ್ ಇರಲಿಲ್ಲ. ಆಟ, ಪಾಠ, ಕಾರ್ಟೂನ್ ಎಲ್ಲ ಅದರಲ್ಲೇ. ಇದಕ್ಕಿಂತ ಜನಪ್ರಿಯ ಇನ್ನೇನು ಬೇಕು? 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಂತಿತು. ಅದರ ಜೊತೆ ಜನರ ವರ್ಷಗಟ್ಟಲೆಯ ಕೆಲಸ ಕತ್ತಲೆಗೆ ಹೋಯಿತು. ಈಗ ರಫಲ್ ಅಂತ ಒಂದು ಯೋಜನೆ ಇದೆ. ಸತ್ತ ಫ್ಲ್ಯಾಶ್ ಫೈಲ್‌ಗಳನ್ನು ಮತ್ತೆ ಓಡಿಸಲು ಕೆಲವರು ಕೂತು ಎಮ್ಯುಲೇಟರ್ ಬರೆಯುತ್ತಿದ್ದಾರೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ಆಟಗಳು ಅದರಿಂದಲೇ ಓಡುತ್ತವೆ. ಎಲ್ಲರೂ ಬಿಟ್ಟು ಎದ್ದು ಹೋದ ಮೇಲೆ ಬಂದು ದೀಪ ಹಚ್ಚುವವರು ಅವರು. ಅದೇ ಹೊತ್ತಿನಲ್ಲಿ ಬರೀ ಪಠ್ಯದ ಫೈಲ್‌ನಲ್ಲಿ ಬರೆದಿಟ್ಟದ್ದು ಇವತ್ತೂ ಹಾಗೇ ತೆರೆಯುತ್ತದೆ. ಆದ್ದರಿಂದ ಟೂಲ್ ಎಷ್ಟೇ ಚಂದ ಇರಲಿ, ನನ್ನ ಮಾಹಿತಿಯನ್ನು ಅದರಿಂದ ಹೊರಗೆ ತೆಗೆಯುವ ದಾರಿಯನ್ನು ಮೊದಲ ದಿನವೇ ಒಂದು ಸಲ ನಡೆದು ನೋಡುತ್ತೇನೆ. ಆಮೇಲೆ ನೋಡೋಣ ಅಂದರೆ ಆಗುವುದಿಲ್ಲ, ಆ ಆಮೇಲೆ ಬರುವುದೇ ಇಲ್ಲ.

ಇಷ್ಟು ಹೊತ್ತು ಹತಾರದ ಮಾತಾಯಿತು. ಯಾವ ಕೆಲಸ ಹಿಡಿಯಬೇಕು ಅನ್ನುವುದು ಇದಕ್ಕಿಂತ ಕಷ್ಟ. ಟೂಲ್ ತಪ್ಪಾದರೆ ತಿಂಗಳು ಹೋಗುತ್ತದೆ. ಕೆಲಸ ತಪ್ಪಾದರೆ ವರ್ಷಗಳೇ ಹೋಗುತ್ತವೆ.

ಇದಕ್ಕೆ ನಮ್ಮ ಕ್ಷೇತ್ರದ ಹೊರಗಿನ ಒಬ್ಬರನ್ನು ಕರೆದುಕೊಂಡು ಬರುತ್ತೇನೆ. ಬಾರ್ಬರಾ ಮೆಕ್ಲಿಂಟಾಕ್. ತಳಿವಿಜ್ಞಾನಿ. ಅವರ ಹತಾರ ಮೆಕ್ಕೆಜೋಳ. 1940ರ ದಶಕದಲ್ಲಿ ಅವರಿದ್ದದ್ದು ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಅನ್ನುವ ಪ್ರಯೋಗಾಲಯದಲ್ಲಿ. 1945ರಲ್ಲಿ ಅದೇ ಆವರಣದಲ್ಲಿ ಬ್ಯಾಕ್ಟೀರಿಯಾ ತಿನ್ನುವ ವೈರಸ್‌ಗಳ ಮೇಲೆ ಬೇಸಿಗೆಯ ಪಾಠಗಳು ಶುರುವಾದವು. ತಳಿವಿಜ್ಞಾನದ ಜಾತ್ರೆ ಅಲ್ಲಿಗೆ ತಿರುಗಿತು. ತಿರುಗಲು ಒಳ್ಳೆಯ ಕಾರಣವೂ ಇತ್ತು. ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಒಂದರಿಂದ ಎರಡಾಗುತ್ತದೆ. ಬೆಳಗ್ಗೆ ಕೇಳಿದ ಪ್ರಶ್ನೆಗೆ ಮಾರನೆಯ ದಿನ ಉತ್ತರ. ಮೆಕ್ಕೆಜೋಳ ವರ್ಷಕ್ಕೆ ಒಂದು ಬೆಳೆ, ತುಂಬ ಕಷ್ಟಪಟ್ಟರೆ ಎರಡು.

ಈಕೆ ಮಾತ್ರ ಹೊಲದಲ್ಲೇ ಉಳಿದರು. ತೆನೆಯ ಒಂದೊಂದು ಕಾಳನ್ನೂ ನೋಡುವುದು. ಕಾಳಿನ ಬಣ್ಣ ಎಲ್ಲಿ ಬಂದಿದೆ, ಎಲ್ಲಿ ಇಲ್ಲ, ಚುಕ್ಕೆ ದೊಡ್ಡದಾ ಸಣ್ಣದಾ. ಬೆಳವಣಿಗೆಯಲ್ಲಿ ಬೇಗ ಏನಾದರೂ ಬದಲಾದರೆ ಕಾಳಿನ ಮೇಲೆ ಚುಕ್ಕೆ ದೊಡ್ಡದಾಗಿರುತ್ತದೆ, ತಡವಾಗಿ ಬದಲಾದರೆ ಚಿಕ್ಕದು. ಅಂದರೆ ಒಂದೊಂದು ಕಾಳೂ ತನ್ನ ಇತಿಹಾಸವನ್ನು ತನ್ನ ಮೈಮೇಲೆ ಬರೆದುಕೊಂಡಿರುತ್ತದೆ. ಇಪ್ಪತ್ತು ನಿಮಿಷದ ಬ್ಯಾಕ್ಟೀರಿಯಾ ಹೀಗೆ ಬರಿಗಣ್ಣಿಗೆ ಕಾಣುವಂತೆ ಬರೆದು ಕೊಡುವುದಿಲ್ಲ! ಈ ಚುಕ್ಕೆಗಳನ್ನು ಓದುತ್ತಾ ಅವರು ಕಂಡುಕೊಂಡದ್ದು, ವಂಶವಾಹಿಯ ಕೆಲವು ತುಣುಕುಗಳು ಇದ್ದಲ್ಲಿ ಇರುವುದಿಲ್ಲ, ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತವೆ ಅಂತ. 1951ರಲ್ಲಿ ಅಲ್ಲಿಯ ವಿಚಾರಗೋಷ್ಠಿಯಲ್ಲಿ ವಿವರಿಸಿದರು. ಕೇಳಿದವರಿಗೆ ಹಿಡಿಸಲಿಲ್ಲ. ಎರಡು ವರ್ಷದ ಮೇಲೆ ಆ ವಿಷಯದ ಮೇಲೆ ವಿವರವಾಗಿ ಪ್ರಕಟಿಸುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದರು. ಕೆಲಸ ನಿಲ್ಲಿಸಲಿಲ್ಲ. ಆಮೇಲೆ ಬ್ಯಾಕ್ಟೀರಿಯಾದಲ್ಲೂ ಅಂಥದ್ದೇ ಜಿಗಿಯುವ ತುಣುಕುಗಳು ಸಿಕ್ಕವು. 1983ರಲ್ಲಿ ನೊಬೆಲ್ ಬಂತು, ಅವರೊಬ್ಬರಿಗೇ. ಆಗ ಅವರಿಗೆ 81.

ನೊಬೆಲ್ ಬರದೇ ಇದ್ದಿದ್ದರೆ? ನಾನು ಇದನ್ನು ತುಂಬ ಸಲ ಯೋಚಿಸಿದ್ದೇನೆ. ಬರದೇ ಇದ್ದಿದ್ದರೂ ಮುಂದಿನ ಬೇಸಿಗೆ ಅವರು ಜೋಳ ಬಿತ್ತುತ್ತಿದ್ದರು ಅಂತ ನನಗನ್ನಿಸುತ್ತದೆ. ಬಹುಮಾನ ತೆಗೆದು ಪಕ್ಕಕ್ಕಿಟ್ಟರೂ ನಿಲ್ಲುವ ಕೆಲಸ ಅದು. ಕೆಲಸ ಹಿಡಿಯುವಾಗ ನಾನು ನನಗೇ ಹಾಕಿಕೊಳ್ಳುವ ಪ್ರಶ್ನೆ ಇದೇ. ಯಾರೂ ನೋಡದ ಒಂದು ಮಂಗಳವಾರ ಮಧ್ಯಾಹ್ನ ಇದನ್ನು ನಾನಾಗಿಯೇ ತೆರೆಯುತ್ತೇನಾ? ಎಷ್ಟೋ ಸಲ ಉತ್ತರ "ಇಲ್ಲ" ಅಂತ ಬಂದಿದೆ. ಆದರೂ ಹಿಡಿದಿದ್ದೇನೆ, ಸಂಬಳಕ್ಕೆ. ಅದರಲ್ಲಿ ತಪ್ಪೇನೂ ಇಲ್ಲ. ಗೊತ್ತಿದ್ದು ಹಿಡಿದರೆ ಆಯಿತು.

ನಮ್ಮಲ್ಲೇ ಅಂಥ ಕೆಲಸ ಬೇಕಾ? ಟೈಮ್ ಝೋನ್ ಡೇಟಾಬೇಸ್ ನೋಡಿ. 1986ರಲ್ಲಿ ಆರ್ಥರ್ ಡೇವಿಡ್ ಓಲ್ಸನ್ ಶುರು ಮಾಡಿದ್ದು, ಈಗ ಪಾಲ್ ಎಗರ್ಟ್ ನೋಡಿಕೊಳ್ಳುತ್ತಾರೆ. ಜಗತ್ತಿನ ಯಾವ ಮೂಲೆಯಲ್ಲಿ ಯಾವ ದಿನದಿಂದ ಗಡಿಯಾರ ಎಷ್ಟು ಹಿಂದೆ ಮುಂದೆ ಆಯಿತು ಅನ್ನುವ ಪಟ್ಟಿ. ಬರೀ ಪಠ್ಯದ ಫೈಲ್‌ಗಳು. ಸರ್ಕಾರಗಳು ಮನಸ್ಸು ಬಂದಾಗ ಗಡಿಯಾರ ಬದಲಾಯಿಸುತ್ತವೆ. 2011ರಲ್ಲಿ ಸಮೋವಾ ದೇಶ ದಿನಾಂಕ ರೇಖೆಯ ಆ ಕಡೆಯಿಂದ ಈ ಕಡೆಗೆ ಹಾರಿತು. ಡಿಸೆಂಬರ್ 29ರ ಗುರುವಾರ ಮಲಗಿದವರು ಎದ್ದಾಗ 31ರ ಶನಿವಾರ. ಶುಕ್ರವಾರ ಇಲ್ಲವೇ ಇಲ್ಲ! ಹೀಗಾದಾಗ ಯಾರೋ ಒಬ್ಬರು ಕೂತು ಆ ಫೈಲ್‌ನಲ್ಲಿ ಒಂದು ಸಾಲು ತಿದ್ದಬೇಕು. ಅದು ಅಲ್ಲಿಂದ ಎಲ್ಲ ಫೋನ್‌ಗಳಿಗೆ, ಸರ್ವರ್‌ಗಳಿಗೆ ಹೋಗಬೇಕು. ನಾನು ಆ ರಾತ್ರಿ ಐದು ಲಾಗ್‌ಗಳ ಸಮಯ ಹೊಂದಿಸುತ್ತಾ ಬೈದುಕೊಳ್ಳುತ್ತಿದ್ದೆನಲ್ಲ, ಆ ಹೊಂದಿಕೆಯ ಕೆಳಗೂ ಇದ್ದದ್ದು ಈ ಫೈಲ್‌ಗಳೇ. ಬಿಡುವಿದ್ದಾಗ ತೆರೆದು ಅವುಗಳ ಒಳಗಿನ ಟಿಪ್ಪಣಿಗಳನ್ನು ಓದಿ. ಕಥೆ ಓದಿದ ಹಾಗಿರುತ್ತದೆ.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಆಮೇಲೆ ಪ್ರಶ್ನೆಗಳು.

ಮುಂದಿನ ಸಾಲಿನ ಒಬ್ಬ ಹುಡುಗ ಕೇಳಿದ: "ಸರ್, ಇದೆಲ್ಲ ನಿಮಗೆ ಸರಿ. ಕೆಲಸ ಹುಡುಕುವ ನಮಗೆ? ಜನಪ್ರಿಯ ಆದದ್ದು ಬರದಿದ್ದರೆ ಸಂದರ್ಶನಕ್ಕೇ ಕರೆಯುವುದಿಲ್ಲವಲ್ಲ."

ಸರಿಯಾದ ಪ್ರಶ್ನೆ. ಕಲಿಯಪ್ಪ, ಖಂಡಿತ ಕಲಿ ಅಂದೆ. ಹೊಟ್ಟೆಪಾಡಿನ ಮುಂದೆ ನನ್ನ ಉಪದೇಶ ಯಾವ ಲೆಕ್ಕ? ಆದರೆ ಕಲಿಯುವಾಗ ಅದರ ಕೆಳಗೆ ಏನಿದೆ ಅಂತ ಒಂದು ಸಲ ಅಗೆದು ನೋಡು. 2009, 2010ರ ಸುಮಾರಿಗೆ ನಾವೆಲ್ಲ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯುಎಲ್‌ನ ಕಾಲ ಮುಗಿಯಿತು ಅಂದುಕೊಂಡಿದ್ದೆವು. ಎಸ್‌ಕ್ಯುಎಲ್ ಬೇಡದ ಮೊಂಗೋಡಿಬಿ ಅನ್ನುವ ಡೇಟಾಬೇಸ್ ಬಂದಿತ್ತು, ಅದರ ಹಿಂದೆ ಇನ್ನೂ ಹತ್ತು ಬಂದವು. ಎಸ್‌ಕ್ಯುಎಲ್‌ನ ಬೇರು ಇರುವುದು 1970ರಲ್ಲಿ ಎಡ್ಗರ್ ಕಾಡ್ ಬರೆದ ಒಂದು ಪ್ರಬಂಧದಲ್ಲಿ. ಅಷ್ಟು ಹಳೆಯದು ಯಾರಿಗೆ ಬೇಕು? ಪೋಸ್ಟ್‌ಗ್ರೆಸ್ ಅನ್ನುವ ಎಸ್‌ಕ್ಯುಎಲ್ ಡೇಟಾಬೇಸ್‌ನವರು ಜಗಳಕ್ಕೇ ಹೋಗಲಿಲ್ಲ. 2012ರಲ್ಲಿ ಜೇಸನ್ (ಆ ಹೊಸ ಡೇಟಾಬೇಸ್‌ಗಳಲ್ಲಿ ಜನ ಇಷ್ಟಪಟ್ಟ ಮಾಹಿತಿಯ ರೂಪ) ಇಡಲು ಜಾಗ ಮಾಡಿಕೊಟ್ಟರು. 2014ರಲ್ಲಿ ಅದನ್ನೇ ಇನ್ನೂ ಚುರುಕು ಮಾಡಿದರು. ಹೊಸದರಲ್ಲಿ ಬೇಕಾದದ್ದು ಹಳೆಯದರ ಒಳಗೇ ಬಂತು. ಆ ಗಲಾಟೆಯಲ್ಲೂ ಎಸ್‌ಕ್ಯುಎಲ್ ಸರಿಯಾಗಿ ಕಲಿತವರಿಗೆ ನಷ್ಟವೇನೂ ಆಗಲಿಲ್ಲ. ಹಾಗಂತ ಸಂದರ್ಶನದಲ್ಲಿ ಕಾಡ್ ಹೆಸರು ಎತ್ತಬೇಡ, ಅವರಿಗೆ ಬೇರೆ ಪಟ್ಟಿ ಇರುತ್ತದೆ.

ಕೊನೆಯ ಪ್ರಶ್ನೆ ಹಿಂದಿನಿಂದ ಬಂತು. "ಆ ಐದು ಸರ್ವೀಸ್ ಕೊನೆಗೆ ಏನಾದವು?"

ಒಂದೂವರೆ ವರ್ಷ ಅವುಗಳ ಜೊತೆ ಗುದ್ದಾಡಿ, ಐದನ್ನೂ ಮತ್ತೆ ಒಂದು ಮಾಡಿದೆ. ಪರ್ಲ್‌ನಲ್ಲಿ ಅಲ್ಲ, ಪೈಥಾನ್‌ನಲ್ಲಿ. ಹೌದು, ಜನಪ್ರಿಯ ಭಾಷೆಯಲ್ಲೇ. ಆ ಹೊತ್ತಿಗೆ ನಮ್ಮಲ್ಲಿ ಪರ್ಲ್ ಓದಬಲ್ಲವನು ನಾನೊಬ್ಬನೇ, ಪೈಥಾನ್ ಎಲ್ಲರಿಗೂ ಬರುತ್ತಿತ್ತು. ಸುಮಾರು 1100 ಸಾಲು, ಪಕ್ಕದಲ್ಲಿ ಎಸ್‌ಕ್ಯುಲೈಟ್‌ನ ಒಂದು ಫೈಲ್. ಬರೆಯಲು ಹಿಡಿದದ್ದು ಮೂರು ವಾರ. ಕ್ಯೂ ಓಡುತ್ತಿದ್ದ ಯಂತ್ರವನ್ನು ಆರಿಸಿದೆವು.

ಹೊಸ ವ್ಯವಸ್ಥೆಯ ಚಿತ್ರ ತೋರಿಸಿ ಅಂದರು. ಬೋರ್ಡಿನ ಹತ್ತಿರ ಹೋಗಿ ಒಂದು ಡಬ್ಬಿ ಬರೆದು ಕೂತೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಾಣಗಳಿಗೆ ಕಾಯುತ್ತಿದ್ದರು ಅಂತ ಕಾಣುತ್ತದೆ.

"ಇಷ್ಟೇನಾ?" ಅಂದರು ಒಬ್ಬರು.

ಇಷ್ಟೇ ಅಂದೆ.